ನಮ್ಮ ಬೀದಿಯ ನಾಳೆಯನ್ನು ಕಟ್ಟುವವರು ಯಾರು?

ಓದಿಗೆ: ನೆಹೆಮೀಯ 2ರಿಂದ 5ನೆಯ ಅಧ್ಯಾಯಗಳು, ಯೆರೆಮೀಯ 29:4-7, ಪ್ರಕಟನಾ ಗ್ರಂಥ 21ನೆಯ ಅಧ್ಯಾಯ



ನಾನು ಮೊದಲ ಬಾರಿಗೆ ಧರ್ಮಕೇಂದ್ರವೊಂದರ ಹೊಣೆ ಹೊತ್ತಾಗ, ಅಲ್ಲಿಗೊಂದು ಸಮುದಾಯ ಭವನ ಬೇಕೆಂದು ನನಗೆ ಅನ್ನಿಸಿತು. ಇಂಜಿನಿಯರ್ ಒಬ್ಬರಿಂದ ನಕ್ಷೆ ಬರೆಸಿದೆ. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ತೋರಿಸಿದೆ. ಜನ ಚಪ್ಪಾಳೆ ತಟ್ಟಿದರು, ಕೈಲಾದಷ್ಟು ಹಣವನ್ನೂ ಕೊಟ್ಟರು. ಎರಡು ವರ್ಷಗಳಲ್ಲಿ ಭವನ ಎದ್ದು ನಿಂತಿತು. ಆಶೀರ್ವಾದವೂ ನೆರವೇರಿತು.

ಆ ವರ್ಷದ ಮೊದಲ ದೊಡ್ಡ ಮಳೆಗೆ ಭವನದ ಹಿಂದಿನ ತಗ್ಗಿನಲ್ಲಿದ್ದ ಆರು ಮನೆಗಳಿಗೆ ನೀರು ನುಗ್ಗಿತು. ರಾತ್ರಿ ಟಾರ್ಚ್ ಹಿಡಿದು ಹೋದಾಗ, ವೃದ್ಧೆಯೊಬ್ಬರು ಮಂಚದ ಮೇಲೆ ಅಕ್ಕಿ ಮೂಟೆಯನ್ನೂ ಮೊಮ್ಮಗುವನ್ನೂ ಕೂರಿಸಿ, ತಾವು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು.

"ನೀವು ಭವನ ಕಟ್ಟಿಸಿದಿರಲ್ಲ ಸ್ವಾಮಿ, ಅದೇ ನೀರು ಹರಿಯೋ ದಾರಿ. ನಮಗೆಲ್ಲ ಗೊತ್ತಿತ್ತು" ಎಂದರು.

"ಮೊದಲೇ ಹೇಳಬಾರದಿತ್ತೇ ಅಮ್ಮ?" ಎಂದೆ.

"ನೀವು ಕೇಳಲಿಲ್ಲವಲ್ಲ ಸ್ವಾಮಿ. ನಕ್ಷೆ ತೋರಿಸಿದಿರಿ. ನಾವು ಚಪ್ಪಾಳೆ ತಟ್ಟಿದೆವು."

ಅವರ ದನಿಯಲ್ಲಿ ಕೋಪವಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ನಾಚಿಕೆಯಾಯಿತು. ಮಾರನೆಯ ದಿನ ಹಿಂಬದಿಯಲ್ಲಿ ಕಾಲುವೆ ತೋಡಿಸುವ ಕೆಲಸ ಹಿಡಿದೆವು. ಆದರೆ ಒಂದು ಮಾತು ಮನದಲ್ಲಿ ಉಳಿಯಿತು. ಆ ಜನರಿಗಾಗಿ ನಾನು ಯೋಚಿಸಿದ್ದೆ, ಅವರೊಡನೆ ಯೋಚಿಸಿರಲಿಲ್ಲ. ನಾವು ವಾಸಿಸುವ ಬೀದಿ, ಬಡಾವಣೆ, ಹಳ್ಳಿ ಇನ್ನು ಹತ್ತು ವರ್ಷಕ್ಕೆ ಹೇಗಿರಬೇಕು? ಅದನ್ನು ಯಾರು ತೀರ್ಮಾನಿಸಬೇಕು? ಇದು ಕೇವಲ ರಾಜಕೀಯದ ಪ್ರಶ್ನೆಯಲ್ಲ, ನಮ್ಮ ವಿಶ್ವಾಸಕ್ಕೂ ಸಂಬಂಧಿಸಿದ ಪ್ರಶ್ನೆ. ಈ ವಾರ ಪವಿತ್ರ ಗ್ರಂಥದ ಬೆಳಕಿನಲ್ಲಿ ಇದನ್ನು ಕುರಿತು ಧ್ಯಾನಿಸೋಣ.

ನೆಹೆಮೀಯ ಕಟ್ಟಿದ ರೀತಿ

ನೆಹೆಮೀಯನು ಪರ್ಷಿಯ ದೇಶದ ಅರಸನಿಗೆ ಪಾನಸೇವಕನಾಗಿದ್ದ ಯೆಹೂದ್ಯನು. ತನ್ನ ಪೂರ್ವಜರ ಊರಾದ ಜೆರುಸಲೇಮಿನ ಗೋಡೆಗಳು ಕುಸಿದು ಬಿದ್ದಿವೆ, ಬಾಗಿಲುಗಳು ಸುಟ್ಟುಹೋಗಿವೆ ಎಂಬ ಸುದ್ದಿ ಕೇಳಿ ಆತ ಅತ್ತನು, ಉಪವಾಸ ಮಾಡಿದನು, ಪ್ರಾರ್ಥಿಸಿದನು. ಅರಸನ ಅಪ್ಪಣೆ ಪಡೆದು ಊರಿಗೆ ಬಂದನು. ಇದು ಕ್ರಿಸ್ತಪೂರ್ವ 5ನೆಯ ಶತಮಾನದ ಮಧ್ಯಭಾಗದಲ್ಲಿ ನಡೆದದ್ದು.

ಬಂದವನೇ ಆತ ನಕ್ಷೆ ತೋರಿಸಲಿಲ್ಲ ಎಂಬುದನ್ನು ಗಮನಿಸಿ. ಮೂರು ದಿನ ಸುಮ್ಮನಿದ್ದನು. ನಂತರ ರಾತ್ರಿ ಹೊತ್ತು ಕೆಲವರನ್ನು ಮಾತ್ರ ಕರೆದುಕೊಂಡು ಗೋಡೆಯುದ್ದಕ್ಕೂ ಸುತ್ತಾಡಿ, ಎಲ್ಲಿ ಏನು ಬಿದ್ದಿದೆ ಎಂದು ಕಣ್ಣಾರೆ ಕಂಡನು. ಆ ಬಳಿಕವೇ ಜನರನ್ನು ಸೇರಿಸಿ ನಾವೆಲ್ಲರೂ ಸೇರಿ ಕಟ್ಟೋಣ ಎಂದು ಕರೆಕೊಟ್ಟನು. ಕಟ್ಟುವ ತೀರ್ಮಾನ ಅವರ ಬಾಯಿಂದಲೇ ಬಂತು.

ಮೂರನೆಯ ಅಧ್ಯಾಯವನ್ನು ಓದುವಾಗ ನಮಗೆ ಬೇಸರ ಬರಬಹುದು. ಅದು ಬರೀ ಹೆಸರುಗಳ ಪಟ್ಟಿ. ಆದರೆ ನಿಧಾನವಾಗಿ ಓದಿದರೆ ಅದೊಂದು ಬೀದಿಯ ಚಿತ್ರದಂತಿದೆ. ಪ್ರಧಾನಯಾಜಕನೂ ಆತನ ಬಳಗದವರೂ ಒಂದು ಬಾಗಿಲನ್ನು ಕಟ್ಟುತ್ತಾರೆ. ಅಕ್ಕಸಾಲಿಗರು ಒಂದು ಭಾಗ, ಸುಗಂಧದ್ರವ್ಯ ಮಾಡುವವರು ಇನ್ನೊಂದು ಭಾಗ, ವ್ಯಾಪಾರಿಗಳು ಮತ್ತೊಂದು ಭಾಗ. ಒಬ್ಬ ಅಧಿಕಾರಿ ತನ್ನ ಹೆಣ್ಣುಮಕ್ಕಳೊಡನೆ ಬಂದು ಕೆಲಸಕ್ಕೆ ನಿಲ್ಲುತ್ತಾನೆ. ಹಲವರು ತಂತಮ್ಮ ಮನೆಯ ಎದುರಿನ ಗೋಡೆಯನ್ನು ಕಟ್ಟುತ್ತಾರೆ. ಒಬ್ಬನಂತೂ ತನ್ನ ಕೋಣೆಯ ಎದುರಿಗೆ ಕಟ್ಟಿದನೆಂದು ಬರೆದಿದೆ. ಅವನಿಗೆ ಮನೆಯೆಂದು ಇದ್ದದ್ದು ಬಹುಶಃ ಆ ಒಂದು ಕೋಣೆಯೇ. ಆದರೂ ಅವನ ಹೆಸರು ಪಟ್ಟಿಯಲ್ಲಿದೆ. ಕೆಲಸಕ್ಕೆ ಹೆಗಲು ಕೊಡದ ತೆಕೋವದ ಪ್ರಮುಖರ ವಿಷಯವೂ ಅಲ್ಲಿ ದಾಖಲಾಗಿದೆ! ಹೀಗೆ 52 ದಿನಗಳಲ್ಲಿ ಗೋಡೆ ಮುಗಿಯಿತು.

ತನ್ನ ಮನೆಯ ಎದುರಿನ ಗೋಡೆಯನ್ನು ಯಾರೂ ಅರೆಬರೆ ಕಟ್ಟುವುದಿಲ್ಲ. ಎಲ್ಲಿ ನೆಲ ಕುಸಿಯುತ್ತದೆ, ಎಲ್ಲಿ ನೀರು ನಿಲ್ಲುತ್ತದೆ ಎಂಬುದು ಅಲ್ಲಿ ದಿನವೂ ನಡೆದಾಡುವವನಿಗೆ ತಿಳಿದಿರುತ್ತದೆ. ಈ ತಿಳಿವಳಿಕೆಯನ್ನು ನಾನು ನನ್ನ ಭವನದ ವಿಷಯದಲ್ಲಿ ಕಡೆಗಣಿಸಿದ್ದೆ.

ಬಾಸ್ಟನ್ನಿನ ಒಂದು ದೇವಾಲಯದಲ್ಲಿ

ನಮ್ಮ ಕಾಲಕ್ಕೆ ಹತ್ತಿರದ ಒಂದು ಉದಾಹರಣೆಯನ್ನು ನೋಡೋಣ. ಅಮೆರಿಕದ ಬಾಸ್ಟನ್ ನಗರದಲ್ಲಿ ಡಡ್ಲಿ ಸ್ಟ್ರೀಟ್ ಎಂಬ ಪ್ರದೇಶವಿದೆ. ಅಲ್ಲಿ ಕರಿಯ ಜನಾಂಗದವರು, ಆಫ್ರಿಕದ ಪಶ್ಚಿಮಕ್ಕಿರುವ ಕೇಪ್ ವರ್ಡ್ ದ್ವೀಪಗಳಿಂದ ವಲಸೆ ಬಂದವರು, ಸ್ಪ್ಯಾನಿಷ್ ಭಾಷಿಕರು, ಕೆಲವು ಬಿಳಿಯರು ಬೆರೆತು ಬದುಕುತ್ತಿದ್ದರು. 1980ರ ದಶಕದ ಹೊತ್ತಿಗೆ ಆ ಪ್ರದೇಶ ಪಾಳುಬಿದ್ದಂತಿತ್ತು. ವಿಮೆಯ ಹಣದ ಆಸೆಗೆ ಮಾಲೀಕರೇ ಕಟ್ಟಡಗಳಿಗೆ ಬೆಂಕಿ ಹಚ್ಚಿಸಿದ ಪ್ರಕರಣಗಳಿದ್ದವು. ಸುಮಾರು 1,300 ನಿವೇಶನಗಳು ಖಾಲಿ ಬಿದ್ದು, ಹೊರಗಿನವರು ರಾತ್ರೋರಾತ್ರಿ ಲಾರಿಗಳಲ್ಲಿ ಕಸ ತಂದು ಸುರಿಯುವ ತಿಪ್ಪೆಗಳಾಗಿದ್ದವು.

ಇದನ್ನು ಕಂಡು ಮರುಗಿದ ಒಂದು ದತ್ತಿಸಂಸ್ಥೆ ಹಾಗೂ ಹಲವು ಸೇವಾಸಂಸ್ಥೆಗಳು ಸೇರಿ ಒಂದು ಯೋಜನೆ ಸಿದ್ಧಪಡಿಸಿದವು. 1985ರ ಫೆಬ್ರವರಿಯಲ್ಲಿ ಅಲ್ಲಿನ ಸಂತ ಪ್ಯಾಟ್ರಿಕ್ಕರ ಕಥೋಲಿಕ ದೇವಾಲಯದಲ್ಲಿ ಸಭೆ ಕರೆದು ನಿವಾಸಿಗಳಿಗೆ ಅದನ್ನು ವಿವರಿಸಿದವು. ಯೋಜನೆ ಚೆನ್ನಾಗಿಯೇ ಇತ್ತು. ಆದರೆ ನಡೆಸುವ ಮಂಡಳಿಯಲ್ಲಿ ನಿವಾಸಿಗಳಿಗೆ ಇದ್ದದ್ದು ಬೆರಳೆಣಿಕೆಯ ಸ್ಥಾನಗಳು. ಸಭೆಯಲ್ಲಿದ್ದವರು ಎದ್ದು, ವೇದಿಕೆಯ ಮೇಲಿರುವ ನಿಮ್ಮಲ್ಲಿ ಎಷ್ಟು ಮಂದಿ ಈ ಪ್ರದೇಶದಲ್ಲಿ ವಾಸಿಸುತ್ತೀರಿ ಎಂದು ಪ್ರಶ್ನಿಸಿದರು. ಉತ್ತರ ಹೇಳುವುದು ಕಷ್ಟವಾಯಿತು.

ಆ ದತ್ತಿಸಂಸ್ಥೆಯವರ ದೊಡ್ಡಗುಣವನ್ನು ಇಲ್ಲಿ ನೆನೆಯಬೇಕು. ಅವರು ಮುನಿಸಿಕೊಂಡು ಹಣ ಹಿಂತೆಗೆದುಕೊಳ್ಳಲಿಲ್ಲ. ಮಂಡಳಿಯನ್ನು ಹೊಸದಾಗಿ ರಚಿಸಲು ಒಪ್ಪಿದರು. ನಿವಾಸಿಗಳಿಗೆ ಬಹುಮತ ಸಿಕ್ಕಿತು. ಜನಸಂಖ್ಯೆ ಎಷ್ಟೇ ಇರಲಿ, ನಾಲ್ಕು ಜನವರ್ಗಗಳಿಗೂ ಸಮಾನ ಸ್ಥಾನಗಳನ್ನು ಇಟ್ಟರು. ಜನರು ಮೊದಲು ಕೈ ಹಾಕಿದ್ದು ದೊಡ್ಡ ಕಟ್ಟಡಕ್ಕಲ್ಲ, ಕಸಕ್ಕೆ. 1986ರಲ್ಲಿ ಕಸ ಸುರಿಯುವುದರ ವಿರುದ್ಧ ಚಳವಳಿ ನಡೆಸಿ, ಅಕ್ರಮ ಕಸದ ತಾಣಗಳನ್ನು ಮುಚ್ಚಿಸಿದರು. ಆ ಸಣ್ಣ ಗೆಲುವು ಅವರಿಗೆ ಧೈರ್ಯ ಕೊಟ್ಟಿತು. ಮರುವರ್ಷ ತಜ್ಞರ ನೆರವಿನೊಡನೆ, ಸಭೆಯ ಮೇಲೆ ಸಭೆ ನಡೆಸಿ, ತಮ್ಮದೇ ಆದ ಯೋಜನೆಯನ್ನು ರೂಪಿಸಿದರು. ನಗರದೊಳಗೊಂದು ಹಳ್ಳಿಯಂತೆ ಮನೆ, ಅಂಗಡಿ, ಬಯಲು, ಮಕ್ಕಳ ಆಟದ ಜಾಗ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ ಇರಬೇಕೆಂಬುದು ಅವರ ಕನಸು. 1988ರಲ್ಲಿ ನಗರಾಡಳಿತವು ಆ ಪ್ರದೇಶದ ಖಾಲಿ ನಿವೇಶನಗಳನ್ನು ಸ್ವಾಧೀನಪಡಿಸಿಕೊಳ್ಳುವ ಅಧಿಕಾರವನ್ನೇ ಅವರಿಗೆ ನೀಡಿತು. ನಿವಾಸಿಗಳ ಸಂಘವೊಂದಕ್ಕೆ ಇಂಥ ಅಧಿಕಾರ ಸಿಕ್ಕಿದ್ದು ಆ ದೇಶದಲ್ಲಿ ಅದೇ ಮೊದಲು.

ಮುಂದೆ ಅಲ್ಲಿ 200ಕ್ಕೂ ಹೆಚ್ಚು ಮನೆಗಳು ಎದ್ದವು. ಭೂಮಿ ಸಮುದಾಯದ ನ್ಯಾಸದ ಹೆಸರಿನಲ್ಲಿ ಉಳಿಯುತ್ತದೆ, ಮನೆ ಕುಟುಂಬದ್ದು. ಮಾರುವಾಗ ಮನಬಂದ ಬೆಲೆ ಕೇಳುವಂತಿಲ್ಲ. ಹೀಗಾಗಿ ಬೀದಿ ಚೆಂದವಾದ ಮೇಲೆ ಬೆಲೆ ಏರಿ ಬಡವರು ಅಲ್ಲಿಂದ ಹೊರಬೀಳುವ ಅಪಾಯಕ್ಕೆ ತಡೆಯುಂಟು. ಊರು ಉದ್ಧಾರವಾಗುವುದೂ, ಊರಿನಲ್ಲಿದ್ದವರು ಉದ್ಧಾರವಾಗುವುದೂ ಒಂದೇ ಅಲ್ಲ ಎಂಬುದನ್ನು ಅವರು ಮೊದಲೇ ಅರಿತಿದ್ದರು.

ನಮ್ಮ ನಾಡಿನಲ್ಲಿ ಇದಕ್ಕೆ ವಿರುದ್ಧವಾದ ನೆನಪೂ ಇದೆ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಷನರಿಗಳು 19ನೆಯ ಶತಮಾನದಲ್ಲಿ ಕಟ್ಟಿದ ಜಪಮಾಲೆ ಮಾತೆಯ ದೇವಾಲಯವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಹೇಮಾವತಿ ಅಣೆಕಟ್ಟಿನ ಹಿನ್ನೀರು ಬಂದಾಗ ಆ ಊರಿನವರು ಬೇರೆಡೆಗೆ ಹೋಗಬೇಕಾಯಿತು. ಅಣೆಕಟ್ಟಿನಿಂದ ಸಾವಿರಾರು ಹೊಲಗಳಿಗೆ ನೀರು ಬಂದದ್ದು ನಿಜ. ಆದರೆ ಪಾಳುಗೋಡೆಗಳ ಮುಂದೆ ಚಿತ್ರ ತೆಗೆಸಿಕೊಳ್ಳುವ ನಾವು, ಇಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಮನೆತನಗಳು ಏನಾದವು ಎಂದು ಕೇಳುವುದು ಅಪರೂಪ.

ಧರ್ಮಸಭೆಯ ಬೋಧನೆ

ಗುರುಮಠದಲ್ಲಿ ತತ್ವಶಾಸ್ತ್ರ ಕಲಿಯುವಾಗ ಸಂತ ಥಾಮಸ್ ಅಕ್ವಿನಾಸರ ಒಂದು ವಿಚಾರವನ್ನು ನಾವು ಬಾಯಿಪಾಠ ಮಾಡಿದ್ದೆವು. ಗುರಿ ಎಂಬುದು ಮನಸ್ಸಿನಲ್ಲಿ ಮೊದಲು ಬರುತ್ತದೆ, ಕಾರ್ಯದಲ್ಲಿ ಕೊನೆಗೆ ಬರುತ್ತದೆ. ಮನೆ ಕಟ್ಟುವ ಮೇಸ್ತ್ರಿಗೆ ಮುಗಿದ ಮನೆ ಮೊದಲೇ ಕಣ್ಣಿಗೆ ಕಟ್ಟಿರುತ್ತದೆ. ಊರಿನ ವಿಷಯದಲ್ಲೂ ಹಾಗೆಯೇ. ಎಲ್ಲರಿಗೂ ಸೇರಿದ ಗುರಿಯನ್ನು ಒಬ್ಬನೇ ತನ್ನ ಮನಸ್ಸಿನಲ್ಲಿ ಇಟ್ಟುಕೊಂಡರೆ, ಉಳಿದವರು ಅವನ ಕೂಲಿಗಳಾಗುತ್ತಾರೆ. ವಿವೇಕ ಎಂಬ ಸದ್ಗುಣಕ್ಕೆ ಇತರರಿಂದ ಕಲಿಯುವ ಮನಸ್ಸೂ ಬೇಕು, ಯಾಕೆಂದರೆ ಯಾರೊಬ್ಬನಿಗೂ ಎಲ್ಲವೂ ಗೊತ್ತಿರುವುದಿಲ್ಲ ಎಂದೂ ಆ ಸಂತರು ಬೋಧಿಸುತ್ತಾರೆ.

1931ರಲ್ಲಿ ಜಗದ್ಗುರು 11ನೆಯ ಪಯಸ್‌ರವರು ತಮ್ಮ ವಿಶ್ವಪರಿಪತ್ರದಲ್ಲಿ ಒಂದು ಮುಖ್ಯ ತತ್ವವನ್ನು ವಿವರಿಸಿದರು. ಚಿಕ್ಕ ಸಮುದಾಯಗಳು ತಾವೇ ಮಾಡಬಲ್ಲ ಕೆಲಸವನ್ನು ದೊಡ್ಡ ಸಂಸ್ಥೆಗಳು ಕಿತ್ತುಕೊಳ್ಳುವುದು ಅನ್ಯಾಯ. ದೊಡ್ಡವರು ನೆರವಾಗಬೇಕು, ನುಂಗಬಾರದು ಎಂಬುದು ಅದರ ಸಾರ. ಜಗದ್ಗುರು ಫ್ರಾನ್ಸಿಸ್‌ರವರು 2015ರ 'ಲೌದಾತೋ ಸಿ' ವಿಶ್ವಪರಿಪತ್ರದಲ್ಲಿ, ಬಡಾವಣೆಗಳನ್ನು ಯೋಜಿಸುವಾಗ ಅಲ್ಲಿ ಬದುಕಬೇಕಾದವರ ಅಭಿಪ್ರಾಯವನ್ನು ಪರಿಗಣಿಸಬೇಕೆಂದು ನೇರವಾಗಿ ಬರೆದರು. ಅವರೇ 2021ರಲ್ಲಿ ಆರಂಭಿಸಿ 2024ರಲ್ಲಿ ಮುಗಿಸಿದ ಸಿನೊಡ್, ಒಬ್ಬರ ಮಾತನ್ನು ಒಬ್ಬರು ಕೇಳಿಸಿಕೊಂಡು ಜೊತೆಯಾಗಿ ನಡೆಯುವುದನ್ನು ಇಡೀ ಧರ್ಮಸಭೆಗೆ ಕಲಿಸಲು ಯತ್ನಿಸಿತು. ಪೂಜೆಯಲ್ಲಿ ಜೊತೆಯಾಗಿ ನಿಲ್ಲುವವರು ಬೀದಿಯಲ್ಲಿ ಜೊತೆಯಾಗಿ ಯೋಚಿಸದಿದ್ದರೆ ಆ ಪಾಠ ಕಾಗದದಲ್ಲೇ ಉಳಿಯುತ್ತದೆ.

ಬಡವರ ಕೂಗು ಕೇಳಿದಾಗ

ಎಲ್ಲರನ್ನೂ ಸೇರಿಸಿದರೆ ಎಲ್ಲವೂ ಸುಗಮವಾಗುತ್ತದೆ ಎಂದು ಭಾವಿಸಬೇಡಿ. ನೆಹೆಮೀಯನ ಗ್ರಂಥದ ಐದನೆಯ ಅಧ್ಯಾಯದಲ್ಲಿ ಕಟ್ಟಡದ ಕೆಲಸದ ನಡುವೆಯೇ ಒಂದು ಕೂಗು ಏಳುತ್ತದೆ. ಬಡವರು ಹೊಟ್ಟೆಪಾಡಿಗಾಗಿ ಹೊಲಮನೆಗಳನ್ನು ಒತ್ತೆಯಿಟ್ಟಿದ್ದಾರೆ. ಕೆಲವರು ಮಕ್ಕಳನ್ನೇ ಜೀತಕ್ಕೆ ಕೊಟ್ಟಿದ್ದಾರೆ. ಸಾಲ ಕೊಟ್ಟು ಬಡ್ಡಿ ಹಿಂಡುತ್ತಿರುವವರು ಬೇರೆ ಯಾರೂ ಅಲ್ಲ, ಅದೇ ಗೋಡೆಯನ್ನು ಕಟ್ಟುತ್ತಿರುವ ಸ್ವಜನರು. ನೆಹೆಮೀಯನು ಮೊದಲು ಗೋಡೆ ಮುಗಿಯಲಿ, ಇದನ್ನು ಆಮೇಲೆ ನೋಡೋಣ ಎನ್ನಲಿಲ್ಲ. ಸಭೆ ಕರೆದನು. ಒತ್ತೆಯ ಹೊಲಗಳನ್ನೂ ಬಡ್ಡಿಯನ್ನೂ ಹಿಂದಿರುಗಿಸುವಂತೆ ಮಾಡಿದನು.

ಈಗ ನಾನಿರುವ ಧರ್ಮಕೇಂದ್ರದಲ್ಲಿ ಹೋದ ವರ್ಷ ಕಿರು ಕ್ರೈಸ್ತ ಸಮುದಾಯಗಳ ಮೂಲಕ ಇಂಥದೊಂದು ಸಭೆ ನಡೆಸಿದೆವು. ನೆರೆಯ ಹಿಂದೂ, ಮುಸ್ಲಿಂ ಮನೆಯವರನ್ನೂ ಕರೆದಿದ್ದೆವು. ಮೊದಲ ಸಂಜೆ ಮಾತನಾಡಿದವರೆಲ್ಲ ಗಂಡಸರು, ಸ್ವಂತ ಮನೆಯುಳ್ಳವರು. ಬೀದಿಯ ತುದಿಯಲ್ಲೊಂದು ದೊಡ್ಡ ಕಮಾನು ಬೇಕು ಎಂಬುದರಲ್ಲಿ ಹೆಚ್ಚಿನವರದು ಒಂದೇ ಮಾತು. ಎರಡನೆಯ ಸಂಜೆ ಹೆಂಗಸರನ್ನು ಬೇರೆಯಾಗಿ ಕೇಳಿದೆವು. ಕಮಾನಿನ ಮಾತನ್ನು ಒಬ್ಬರೂ ಎತ್ತಲಿಲ್ಲ. ಗಾರ್ಮೆಂಟ್ಸ್ ಕೆಲಸ ಮುಗಿಸಿ ಕತ್ತಲಲ್ಲಿ ಬಸ್ ನಿಲ್ದಾಣದಿಂದ ನಡೆದು ಬರುವ ಹಾದಿಗೆ ದೀಪ ಬೇಕೆಂದರು. ಮಕ್ಕಳಿಗೆ ಹಾಳೆ ಕೊಟ್ಟು ನಿಮ್ಮ ಬೀದಿ ಹೇಗಿರಬೇಕೋ ಬರೆಯಿರಿ ಎಂದಾಗ, ಹೆಚ್ಚಿನವರು ತೆರೆದ ಚರಂಡಿಗೆ ಚಪ್ಪಡಿ ಬರೆದರು. ಅವರ ಗೆಳೆಯನೊಬ್ಬ ಅದರಲ್ಲಿ ಬಿದ್ದು ಕಾಲು ಮುರಿದುಕೊಂಡಿದ್ದ.

ಬಾಡಿಗೆ ವಠಾರದಲ್ಲಿರುವ ವಲಸೆ ಕಾರ್ಮಿಕರನ್ನೂ ಕೇಳೋಣವೆಂದಾಗ ಮಾತ್ರ ಸಭೆ ಬಿಸಿಯಾಯಿತು. "ಇವತ್ತು ಇದ್ದು ನಾಳೆ ಹೋಗೋರನ್ನ ಏನು ಕೇಳೋದು ಫಾದರ್?" ಎಂದರು ನಮ್ಮ ಪಾಲನಾ ಮಂಡಳಿಯ ಹಿರಿಯರೊಬ್ಬರು. ಆಗ ನಾನು ಯೆರೆಮೀಯನ 29ನೆಯ ಅಧ್ಯಾಯವನ್ನು ತೆರೆದು ಓದಿದೆ. ಬಾಬಿಲೋನಿಗೆ ಸೆರೆಯಾಗಿ ಹೋದವರಿಗೆ ಪ್ರವಾದಿ ಬರೆದ ಪತ್ರ ಅದು. ನೀವಿರುವ ಆ ಪರಊರಿನಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಊರಿನ ಒಳಿತಿಗಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ ಎಂದು ದೇವರು ಹೇಳಿಸುತ್ತಾರೆ. ದೇವರ ಜನರೂ ಒಂದು ಕಾಲಕ್ಕೆ ಬಾಡಿಗೆಯವರಂತೆ ಬದುಕಿದವರೇ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಕೇಳೋಣ" ಎಂದರು. ಕೇಳಿದಾಗ ವಠಾರದ ಮೂವತ್ತು ಜನಕ್ಕೆ ಇರುವುದು ಎರಡೇ ಶೌಚಾಲಯ ಎಂಬುದು ತಿಳಿಯಿತು. ಆ ವಠಾರದ ಮಾಲೀಕರು ನಮ್ಮ ದೇವಾಲಯಕ್ಕೇ ಬರುವವರು.

ನೆಹೆಮೀಯನ ಐದನೆಯ ಅಧ್ಯಾಯ ಆ ದಿನ ನಮ್ಮೆದುರು ನಿಂತಿತ್ತು. ಮಾಲೀಕರೊಡನೆ ಮಾತುಕತೆ ಇನ್ನೂ ನಡೆದಿದೆ. ಒಂದು ಶೌಚಾಲಯ ಹೆಚ್ಚಾಗಿದೆ. ಬಸ್ ನಿಲ್ದಾಣದ ಹಾದಿಗೆ ನಾಲ್ಕು ದೀಪಗಳು ಬಂದಿವೆ. ಚರಂಡಿಗೆ ಚಪ್ಪಡಿ ಬಂದಿಲ್ಲ, ಮೂರನೆಯ ಅರ್ಜಿ ಕೊಟ್ಟಿದ್ದೇವೆ. ಕಮಾನು ಬೇಕೆನ್ನುವವರು ಈಗಲೂ ಕೇಳುತ್ತಿದ್ದಾರೆ. ಅವರೂ ನಮ್ಮವರೇ.

ಕಾನೂನು ತೆರೆದಿಟ್ಟ ಬಾಗಿಲು

ನಮ್ಮ ಮಾತಿಗೆ ಬೆಲೆಯೆಲ್ಲಿದೆ ಎಂದು ಅನೇಕರು ಕೇಳುತ್ತಾರೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಗ್ರಾಮಸಭೆಗೆ ಸಂವಿಧಾನದಲ್ಲೇ ಸ್ಥಾನ ಕೊಟ್ಟಿತು. ಊರಿನ ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಅದೇ ವರ್ಷ ಜಾರಿಯಾದ 74ನೆಯ ತಿದ್ದುಪಡಿಯು ಮೂರು ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಹೇಳಿತು. ನಮ್ಮ ರಾಜ್ಯದಲ್ಲಿ ಮಕ್ಕಳ ಗ್ರಾಮಸಭೆ ಎಂಬ ಒಳ್ಳೆಯ ಪದ್ಧತಿಯೂ ಇದೆ. ಈ ಸಭೆಗಳು ಎಷ್ಟೋ ಕಡೆ ಸಹಿ ಹಾಕಿಸಿಕೊಂಡು ಮುಗಿಯುತ್ತವೆ ಎಂಬುದು ಸುಳ್ಳಲ್ಲ. ಆದರೆ ಹೋಗದೆ ಕುಳಿತು ದೂರುವವರಲ್ಲಿ ನಾವೂ ಇದ್ದೇವೆ. ಹಬ್ಬದ ಸಮಿತಿಗೆ ಇರುವ ಪೈಪೋಟಿ ಗ್ರಾಮಸಭೆಗೆ ಹೋಗುವುದರಲ್ಲಿ ಇದೆಯೇ?

ಹೋಗುವ ಮುನ್ನ ಸಿದ್ಧತೆ ಬೇಕು. ಕೆನಡಾದ ನೋವಾ ಸ್ಕೋಷಿಯ ಪ್ರಾಂತ್ಯದಲ್ಲಿ, ರಿಸರ್ವ್ ಮೈನ್ಸ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ, ಫಾದರ್ ಜಿಮ್ಮಿ ಟಾಂಪ್ಕಿನ್ಸ್ ಎಂಬ ಗುರುಗಳಿದ್ದರು. ಅವರು ಯಾರಿಗೂ ಮನೆ ಕಟ್ಟಿಸಿಕೊಡಲಿಲ್ಲ. ಗಣಿಕಾರ್ಮಿಕರನ್ನು ಅಧ್ಯಯನ ಕೂಟವಾಗಿ ಕೂರಿಸಿ ಓದಲು, ಲೆಕ್ಕ ಹಾಕಲು ಹಚ್ಚಿದರು. ಆ ಕಾರ್ಮಿಕರೂ ಅವರ ಹೆಂಡಂದಿರೂ ತಮಗೆ ಬೇಕಾದ ಮನೆಯ ಪುಟ್ಟ ಮಾದರಿಗಳನ್ನು ರಟ್ಟಿನಲ್ಲಿ ಮಾಡಿ ನೋಡಿದರು. 1938ರಲ್ಲಿ 11 ಕುಟುಂಬಗಳ ಸಹಕಾರಿ ಮನೆಗಳು ಸಿದ್ಧವಾದವು. ಜನ ಆ ಬಡಾವಣೆಗೆ ಗುರುಗಳ ಗೌರವಾರ್ಥ ಟಾಂಪ್ಕಿನ್ಸ್‌ವಿಲ್ ಎಂದು ಹೆಸರಿಟ್ಟರು. ರಟ್ಟು, ಕತ್ತರಿ, ಒಂದು ಅಡುಗೆಮನೆ, ಕೂತು ಮಾತಾಡುವ ತಾಳ್ಮೆ ನಮಗೂ ಸಿಗುವಂಥದ್ದೇ.

ಬಾಗಿಲು ಮುಚ್ಚದ ನಗರ

ಪವಿತ್ರ ಗ್ರಂಥ ಒಂದು ತೋಟದಲ್ಲಿ ಆರಂಭವಾಗಿ ಒಂದು ನಗರದಲ್ಲಿ ಮುಗಿಯುತ್ತದೆ. ದೇವರು ನಮಗಾಗಿ ಸಿದ್ಧಪಡಿಸಿರುವ ಆ ನೂತನ ಜೆರುಸಲೇಮಿನ ಬಾಗಿಲುಗಳನ್ನು ಎಂದಿಗೂ ಮುಚ್ಚುವುದಿಲ್ಲ ಎಂದು ಪ್ರಕಟನಾ ಗ್ರಂಥ ಹೇಳುತ್ತದೆ. ಆ ನಗರವನ್ನು ನಾವು ಕಟ್ಟಲಾರೆವು, ಅದು ದೇವರ ಕೊಡುಗೆ. ನಮ್ಮ ಬೀದಿ ಎಷ್ಟೇ ಚೆಂದವಾದರೂ ಸ್ವರ್ಗವಾಗದು. ಆದರೆ ಆ ನಗರಕ್ಕಾಗಿ ಹಾರೈಸುವವನು ತನ್ನ ಬೀದಿಯಲ್ಲಿ ನೆರೆಯವನ ಮುಖಕ್ಕೆ ಬಾಗಿಲು ಹಾಕಲಾರನು. ಕರ್ತರು ಕಲಿಸಿದ ಪ್ರಾರ್ಥನೆಯಲ್ಲಿ ನಾವು ದಿನವೂ ದೇವರ ಸಾಮ್ರಾಜ್ಯ ಬರಲೆಂದು ಬೇಡುತ್ತೇವೆ. ಬೇಡಿದ ಮೇಲೆ ಅದಕ್ಕೆ ಜಾಗವನ್ನೂ ಸಿದ್ಧಮಾಡಬೇಕಲ್ಲವೇ?

ಕಳೆದ ವರ್ಷ ನನ್ನ ಹಳೆಯ ಧರ್ಮಕೇಂದ್ರಕ್ಕೆ ಹಬ್ಬಕ್ಕೆಂದು ಹೋಗಿದ್ದೆ. ಆ ಅಜ್ಜಿ ತೀರಿಕೊಂಡಿದ್ದರು. ಮಂಚದ ಮೇಲೆ ಕುಳಿತಿದ್ದ ಮೊಮ್ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಹಿಂದಿನ ಕಾಲುವೆಯನ್ನು ಮಳೆಗಾಲಕ್ಕೆ ಮುಂಚೆ ಬೀದಿಯವರೇ ಸೇರಿ ಪ್ರತಿವರ್ಷ ತೆರವು ಮಾಡುತ್ತಾರಂತೆ. ಯಾರು ಹೇಳಿಕೊಟ್ಟರು ಎಂದು ಕೇಳಿದೆ. "ನಮ್ಮಜ್ಜಿ ಫಾದರ್" ಎಂದಳು.

ಮನೆಯಲ್ಲೂ ಕಿರು ಸಮುದಾಯದಲ್ಲೂ ಚರ್ಚಿಸಲು:

1. ನಮ್ಮ ಬೀದಿಯಲ್ಲಿ ಯಾರ ಅಭಿಪ್ರಾಯವನ್ನು ಇದುವರೆಗೆ ಯಾರೂ ಕೇಳಿಲ್ಲ? ಈ ವಾರ ಅವರ ಮನೆಗೆ ಹೋಗಿಬರಲು ಸಾಧ್ಯವೇ?

2. ಕುಟುಂಬದ ಪ್ರತಿಯೊಬ್ಬರೂ, ಮಕ್ಕಳೂ ಸೇರಿ, ಹತ್ತು ವರ್ಷಗಳ ನಂತರ ನಮ್ಮ ಬೀದಿ ಹೇಗಿರಬೇಕೆಂದು ಬರೆದು ಅಥವಾ ಚಿತ್ರಿಸಿ, ಒಬ್ಬರದನ್ನೊಬ್ಬರು ನೋಡಿ.

3. ನಾವು ಬಯಸುವ ಸುಧಾರಣೆಯಿಂದ ಯಾರಿಗಾದರೂ ನಷ್ಟವಾಗುತ್ತದೆಯೇ? ನಾವೇ ಯಾರಿಗಾದರೂ ಹಿಂದಿರುಗಿಸಬೇಕಾದದ್ದು ಇದೆಯೇ?

4. ನಮ್ಮ ಮನೆಯ ಎದುರಿನ ಗೋಡೆ ಯಾವುದು? ಅಂದರೆ, ಯಾರಿಗೂ ಕಾಯದೆ ನಾವೇ ಆರಂಭಿಸಬಹುದಾದ ಕೆಲಸ ಯಾವುದು?

ಪ್ರಾರ್ಥನೆ: ಪ್ರಭುವೇ, ನಜರೇತಿನ ಬೀದಿಯಲ್ಲಿ ಬಡಗಿಯ ಮಗನಾಗಿ ನೆರೆಯವರೊಡನೆ ಬಾಳಿದವರೇ, ನಾವು ಬಾಳುವ ಈ ಬೀದಿಯನ್ನು ಹರಸಿರಿ. ಮಾತಾಡುವ ಮೊದಲು ಕೇಳುವ ಕಿವಿಯನ್ನು ಕೊಡಿ. ಒಂದೇ ಕೋಣೆಯವರನ್ನೂ ನಮ್ಮ ಪಟ್ಟಿಯಲ್ಲಿ ಸೇರಿಸುವ ಮನಸ್ಸು ಕೊಡಿ. ಆಮೆನ್.